ಟೋರ್ವ್‌ತಾಕ್: ಹುಲ್ಲಿನ ಮಾಡು ಹಾಕುವ ಕೆಲಸದ ಅನುಭವ

ನಾರ್ವೆಯ ಹಳೆಯ ಮರದ ಮನೆಗಳ ಹುಲ್ಲಿನ ಮಾಡಿಗೆ ಅಲ್ಲಿನವರು ‘ಟೋರ್ವ್‌ತಾಕ್’ ಅನ್ನುತ್ತಾರೆ. ನೋಡಿದವರ ಕಣ್ಣು ಹುಲ್ಲಿನ ಮೇಲೇ ನಿಲ್ಲುತ್ತದೆ. ಆದರೆ ಮಳೆ ತಡೆಯುವುದು ಅದರಡಿ ಇರುವ ಬರ್ಚ್ ಮರದ ತೊಗಟೆ. ಆ ತೊಗಟೆಯನ್ನು ಅದುಮಿ ಹಿಡಿಯುವುದು, ಬಿಸಿಲು ತಾಗದಂತೆ ಕಾಯುವುದು ಹುಲ್ಲುಹೆಂಟೆಯ, ಅಂದರೆ ಬೇರು-ಮಣ್ಣು ಸಮೇತ ಕತ್ತರಿಸಿ ತೆಗೆದ ಹುಲ್ಲಿನ ತುಂಡುಗಳ ಕೆಲಸ.

ಎಲ್ಲಕ್ಕಿಂತ ಮೊದಲು ಭಾರ ಲೆಕ್ಕ ಹಾಕುತ್ತೇನೆ. 15 ಸೆಂ.ಮೀ. ದಪ್ಪದ ಹೆಂಟೆ ಚದರ ಮೀಟರಿಗೆ ಸುಮಾರು 250 ಕೆ.ಜಿ. ತೂಗುತ್ತದೆ. ಹಿಮ ಕೂತರೆ 400–500 ಆಗುತ್ತದೆ. 40 ಚದರ ಮೀಟರಿನ ಮಾಡಿಗೆ ಚಳಿಗಾಲದಲ್ಲಿ 16ರಿಂದ 20 ಟನ್! ದಿಮ್ಮಿ ಮೇಲೆ ದಿಮ್ಮಿ ಪೇರಿಸಿ ಕಟ್ಟಿದ ಮನೆಗೆ ಈ ಭಾರ ಒಳ್ಳೆಯದೇ. ದಿಮ್ಮಿಗಳು ಒಂದಕ್ಕೊಂದು ಅದುಮಿಕೊಂಡು ಗಾಳಿ ನುಗ್ಗುವ ಸಂದು ಮುಚ್ಚುತ್ತದೆ. ಹಗುರ ಶೀಟಿಗೆಂದು ಮಾಡಿದ ಪಕಾಸಿಗಳ ಮೇಲೆ ಮಾತ್ರ ಹೆಂಟೆ ಏರಿಸಲೇಬೇಡಿ. ಇಳಿಜಾರು 22ರಿಂದ 27 ಡಿಗ್ರಿ ಇದ್ದರೆ ಕೆಲಸ ಸಲೀಸು. ತೀರಾ ಕಡಿದಾದರೆ ಹೆಂಟೆ ಜಾರುತ್ತದೆ, ತೀರಾ ಚಪ್ಪಟೆಯಾದರೆ ನೀರು ನಿಂತು ಸೋರುತ್ತದೆ.

ತೊಗಟೆ ಸುಲಿಯುವುದು ಬೇಸಿಗೆಯ ಮೊದಲಲ್ಲಿ, ಮರದಲ್ಲಿ ರಸ ಏರುವಾಗ. ಆಗ ಅದು ಸಲೀಸಾಗಿ ಬಿಡುತ್ತದೆ. ಒಳತೊಗಟೆಗೆ ಕತ್ತಿ ತಾಗದಿದ್ದರೆ ಮರ ಸಾಯುವುದಿಲ್ಲ. ಸುಲಿದ ಹಾಳೆಗಳು ಸುರುಳಿ ಸುತ್ತಿಕೊಳ್ಳುವುದರಿಂದ ಮೇಲೆ ಭಾರ ಹೇರಿ ಚಪ್ಪಟೆಯಾಗಿಡಬೇಕು.

ಮಾಡಿನ ಹಲಗೆಗಳ ಮೇಲೆ ತೊಗಟೆ ಹಾಸುವಾಗ ಬಿಳಿ ಹೊರಮೈ ಕೆಳಗೆ. ಇದೇ ಇಡೀ ಕೆಲಸದ ಗುಟ್ಟು. ಸುಲಿದ ತೊಗಟೆ ಬಿಳಿ ಮೈಯ ಕಡೆಗೇ ಸುರುಳುತ್ತದೆ, ಹಾಗಾಗಿ ಅಂಚು ಮೇಲೇಳದೆ ಹಲಗೆಯತ್ತ ಬಾಗುತ್ತದೆ. ಮೊದಲ ಸಾಲು ಸೂರಿನ ಹಲಗೆಯಿಂದ ಹೊರಕ್ಕೆ ಚಾಚಿರಲಿ, ನೀರು ಹಲಗೆಗೆ ತಾಗದೆ ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಮೇಲಿನ ಸಾಲು ಕೆಳಗಿನದರ ಮೇಲೆ ಹೆಂಚಿನಂತೆ ಹೊದೆಯಬೇಕು, ಸಂದಿನ ಮೇಲೆ ಸಂದು ಬರಬಾರದು. ಎಲ್ಲಿ ಅಳೆದರೂ ಆರು ಪದರಕ್ಕೆ ಕಡಿಮೆ ಇರಬಾರದು. ತೊಗಟೆಗೆ ಮೊಳೆ ಹೊಡೆಯುವ ಹಾಗಿಲ್ಲ. ಪ್ರತಿ ಮೊಳೆಯೂ ಒಂದು ತೂತು.

ಮೊಳೆ ಇಲ್ಲದ ಮೇಲೆ ಹಿಡಿದಿಡುವುದು ಹೆಂಟೆಯ ಭಾರವೇ. ಅದಕ್ಕೇ ತೊಗಟೆ ಹಾಸಿದಷ್ಟು ಜಾಗಕ್ಕೆ ಅಂದೇ ಹೆಂಟೆ ಬೀಳಬೇಕು. ಬಿಸಿಲಿಗೆ ಬಿಟ್ಟರೆ ತೊಗಟೆ ಸುರುಳಿಕೊಳ್ಳುತ್ತದೆ, ಗಾಳಿ ಬಂದರೆ ಹಾರುತ್ತದೆ. ಹಿಂದೆ ಊರವರೆಲ್ಲ ಸೇರಿ ಮಾಡುತ್ತಿದ್ದರು. ನಾವು ‘ಮುಯ್ಯಾಳು’ ಅನ್ನುವಂತೆ ಅವರಲ್ಲಿ ‘ದುಗ್ನಾಡ್’.

ಹೆಂಟೆಯನ್ನು ದನ-ಕುರಿ ಮೇದ ಹಳೆಯ ಹುಲ್ಲುಗಾವಲಿನಿಂದ, ಬೇರು ದಟ್ಟವಾಗಿ ಹೆಣೆದಿರುವ ಕಡೆ ಸುಮಾರು 7.5 ಸೆಂ.ಮೀ. ದಪ್ಪಕ್ಕೆ ಕತ್ತರಿಸುತ್ತೇವೆ. ಎತ್ತುವಾಗ ಚೂರಾಗುವ ಹೆಂಟೆ ಮಾಡಿನ ಮೇಲೂ ನಿಲ್ಲುವುದಿಲ್ಲ. ಮೊದಲ ಪದರ ಹುಲ್ಲು ಕೆಳಗಾಗಿ: ಒಣಗಿದ ಹುಲ್ಲು ನೀರು ಹರಿಯಲು ದಾರಿ ಕೊಡುತ್ತದೆ, ಮಣ್ಣಿನ ಹುಳಿ ತೊಗಟೆಗೆ ಬೇಗ ತಾಗದಂತೆಯೂ ನೋಡಿಕೊಳ್ಳುತ್ತದೆ. ಎರಡನೆಯದು ಹುಲ್ಲು ಮೇಲಾಗಿ. ಕ್ರಮೇಣ ಮೇಲಿನ ಬೇರು ಕೆಳಗಿನ ಪದರಕ್ಕಿಳಿದು ಎರಡೂ ಒಂದೇ ಚಾಪೆಯಾಗುತ್ತವೆ.

ಸೂರಿನಲ್ಲಿ ಹೆಂಟೆ ಜಾರದಂತೆ ಉದ್ದಕ್ಕೂ ಒಂದು ತಡೆಮರ ಬೇಕು. ಅದನ್ನು ಹಿಡಿಯುವ ಕೊಕ್ಕೆಗೆ ಜುನಿಪರ್ ಮರ ಉತ್ತಮ. ಮಾಡು ಹಾಳಾಗುವುದು ಹೆಚ್ಚಾಗಿ ಇಲ್ಲಿಂದಲೇ. ತಡೆಮರ ತೊಗಟೆಗೆ ಅಂಟಿ ಕೂತರೆ ಹಿಂದೆ ನೀರು ಕಟ್ಟಿ ಸೂರು ಕೊಳೆಯುತ್ತದೆ. ಅಡಿಯಲ್ಲಿ ನೀರು ಹೋಗಲು ಸಂದು ಬಿಡಿ. ಕೊಕ್ಕೆ ಕೂರಿಸಲು ಕೊರೆದ ತೂತುಗಳು ಗೋಡೆಯಿಂದ ಹೊರಗಿರಲಿ.

ಚೆನ್ನಾಗಿ ಹಾಸಿದ ತೊಗಟೆ 30 ವರ್ಷ ಬಾಳುತ್ತದೆ ಅನ್ನುವುದು ಹಳೆಯ ಲೆಕ್ಕ. ಈಗಿನವರು ತೊಗಟೆಯ ಬದಲು ಡಾಂಬರು ಹಾಳೆ, ಅದರ ಮೇಲೆ ಗುಬುಟಿನ ಪ್ಲಾಸ್ಟಿಕ್ ಹಾಳೆ ಹಾಸುತ್ತಾರೆ, ಗುಬುಟು ಕೆಳಮುಖವಾಗಿರಬೇಕು. ಮಾಡು ಬೇಸಿಗೆಯಲ್ಲಿ ತಂಪು, ಮಳೆಯ ಸದ್ದು ಒಳಗೆ ಕೇಳುವುದಿಲ್ಲ. ಆದರೆ ಒದ್ದೆ ಮಣ್ಣು ಬೆಚ್ಚಗಿಡುವುದು ಕಡಿಮೆಯೇ. ಈಗ ಕಟ್ಟುವ ಮನೆಗೆ ಒಳಗಡೆ ಬೇರೆ ಹೊದಿಕೆ ಕೊಡಲೇಬೇಕು.

ವರ್ಷಕ್ಕೊಮ್ಮೆ ಏರಿ ನೋಡಿ. ಬರ್ಚ್, ಸ್ಪ್ರೂಸ್ ಸಸಿಗಳನ್ನು ಬೆರಳುದ್ದ ಇರುವಾಗಲೇ ಕೀಳಿ. ಮೊಳದುದ್ದ ಬೆಳೆದದ್ದನ್ನು ಎಳೆದರೆ ಬೇರಿನ ಜೊತೆ ತೊಗಟೆಯೂ ಏಳಬಹುದು. ಅದನ್ನು ಬುಡದಲ್ಲಿ ಕತ್ತರಿಸಿ ಬಿಡಿ.