‘ಆಸ್ಟೆರಿಟಿ’ ಪದದ ಮಧ್ಯಯುಗದ ಜಾಡನ್ನು ಹಿಡಿಯುವ ಬಗೆ

ಪದವೊಂದರ ಚರಿತ್ರೆಯನ್ನು ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲು ಅದರ ಧಾತುವನ್ನೇ ಕೆದಕುತ್ತಾರೆ. ನನ್ನ ಸಲಹೆಯೆಂದರೆ, ಧಾತುವನ್ನು ಕೊನೆಗಿಟ್ಟು, ಕಾಲ ಗೊತ್ತಿರುವ ವಾಕ್ಯಗಳಿಂದ ಹಿಂದಕ್ಕೆ ನಡೆಯಬೇಕು. ಕಟ್ಟುನಿಟ್ಟು, ಕಠೋರತೆ ಎಂಬ ಅರ್ಥಗಳುಳ್ಳ ‘ಆಸ್ಟೆರಿಟಿ’ಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸರ್ಕಾರದ ಖರ್ಚು ಕಡಿತ ಎಂದು ಪತ್ರಿಕೆಗಳಲ್ಲಿ ಓದುವ ಅರ್ಥ ಕಳೆದ ಶತಮಾನದ್ದಾದ್ದರಿಂದ ಅದನ್ನು ಆರಂಭದಲ್ಲಿಯೇ ಪಕ್ಕಕ್ಕಿಡಿ.

ಮೊದಲು ತೆರೆಯಬೇಕಾದದ್ದು ಮಿಶಿಗನ್ ವಿಶ್ವವಿದ್ಯಾಲಯದ ಮಧ್ಯಕಾಲೀನ ಇಂಗ್ಲಿಷ್ ನಿಘಂಟು. 2001ರಲ್ಲಿ ಪೂರ್ಣಗೊಂಡ ಇದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವುದರಿಂದ ಗೋವಾದ ಮಡಗಾಂವಿನ ಮನೆಯಲ್ಲಿ ಕುಳಿತೇ ನೋಡಬಹುದು. ಆ ಕಾಲದಲ್ಲಿ ಕಾಗುಣಿತಕ್ಕೆ ನಿಯಮವಿರಲಿಲ್ಲವಾದ್ದರಿಂದ ಒಂದೇ ರೂಪವನ್ನು ಹುಡುಕಿ ನಿಲ್ಲಬಾರದು. ಈ ಪದದ ವಿಶೇಷಣವನ್ನು ಹುಡುಕುತ್ತ ಹೋದರೆ ‘ಆಸ್ಟರ್ನ್’ ಎಂಬ ಸೊಗಸಾದ ರೂಪವೊಂದು ಎದುರಾಗುತ್ತದೆ. ಫ್ರೆಂಚಿನಿಂದ ಬಂದ ‘ಆಸ್ಟೀರ್’ ಜನರ ಬಾಯಲ್ಲಿ, ಮೊದಲೇ ನೆಲೆಯೂರಿದ್ದ, ಕಠಿಣ ಎಂಬರ್ಥದ ‘ಸ್ಟರ್ನ್’ ಎಂಬ ದೇಶ್ಯ ಇಂಗ್ಲಿಷ್ ಪದದೊಡನೆ ಬೆರೆತು ಆದದ್ದು ಅದು. ಇಂಥ ತಪ್ಪುಗಳೇ ಪದವೊಂದು ಬಳಕೆಗೆ ಬಂದಿತ್ತೆಂಬುದಕ್ಕೆ ಗಟ್ಟಿ ಸಾಕ್ಷಿ ಎಂದು ನಾನು ಭಾವಿಸುತ್ತೇನೆ.

ಮುಂದಿನದು ಕಾಲದ ಪರೀಕ್ಷೆ. ಆ ನಿಘಂಟು ಹಲವು ಉಲ್ಲೇಖಗಳಿಗೆ ಎರಡು ಕಾಲಗಳನ್ನು ಕೊಡುತ್ತದೆ: ಮೊದಲನೆಯದು ಹಸ್ತಪ್ರತಿಯದು, ಕಂಸದೊಳಗಿನದು ಕೃತಿ ರಚನೆಯಾದದ್ದು. ಪಂಪಭಾರತದ ರಚನೆ 941ರದ್ದಾದರೂ ನಮಗೆ ಸಿಕ್ಕ ಓಲೆಗರಿಗಳು ಬಹಳ ಈಚಿನವು ಎಂದು ತಿಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪದವನ್ನು ಬರೆದವನು ಕವಿಯೋ ಲಿಪಿಕಾರನೋ ಎಂಬ ಅನುಮಾನವಿದ್ದಲ್ಲಿ ಎರಡನ್ನೂ ಗುರುತಿಸಿಕೊಳ್ಳಿ.

ಅನಂತರ ಒಂದೇ ವಾಕ್ಯದ ಹಲವು ಅನುವಾದಗಳನ್ನು ಎದುರುಬದುರು ಇಟ್ಟು ನೋಡಬೇಕು. ಇಡೀ ಕೆಲಸದಲ್ಲಿ ಅತ್ಯಂತ ಫಲ ಕೊಡುವ ಹಂತ ಇದು. ಲೂಕನ ಸುವಾರ್ತೆಯ 19ನೆಯ ಅಧ್ಯಾಯದ 21ನೆಯ ವಚನದಲ್ಲಿ, ಒಡೆಯ ಕೊಟ್ಟ ಹಣವನ್ನು ಬಟ್ಟೆಯಲ್ಲಿ ಸುತ್ತಿಟ್ಟ ಆಳೊಬ್ಬನು, ನೀನು ಕಠಿಣನಾದ್ದರಿಂದ ಹೆದರಿದೆನೆಂದು ಹೇಳುತ್ತಾನೆ. ಗ್ರೀಕ್ ಮೂಲದಲ್ಲಿಯೂ ಲ್ಯಾಟಿನ್ನಿನಲ್ಲಿಯೂ ಇರುವುದು ‘ಆಸ್ಟೀರ್’ನ ಮೂಲರೂಪವೇ. ಆದರೂ 14ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಧರ್ಮಸುಧಾರಕ ವಿಕ್ಲಿಫನ ಅನುಯಾಯಿಗಳು ಪರಿಷ್ಕರಿಸಿದ ಇಂಗ್ಲಿಷ್ ಅನುವಾದ ‘ಸ್ಟರ್ನ್’ ಎಂಬುದನ್ನು ಆರಿಸಿಕೊಂಡಿತು. 1526ರಲ್ಲಿ ಬೈಬಲ್ ಅನುವಾದಕ ಟಿಂಡೇಲ್ ‘ಸ್ಟ್ರೇಟ್’ ಎಂದು ಬರೆದ. ಬಿಗಿಯಾದ, ಇಕ್ಕಟ್ಟಾದ ಎಂಬರ್ಥದ ಈ ಪದವೂ ಇಂದಿನ ‘ಸ್ಟ್ರಿಕ್ಟ್’ ಕೂಡ ಒಂದೇ ಲ್ಯಾಟಿನ್ ಪದದಿಂದ ಬೇರೆ ಬೇರೆ ದಾರಿಯಲ್ಲಿ ಬಂದಂಥವು. ‘ಆಸ್ಟೀರ್’ 1611ರ ರಾಜ ಜೇಮ್ಸನ ಬೈಬಲ್ಲಿನಲ್ಲಿ ಇದೆ. ಪದ ಭಾಷೆಗೆ ಬಂದಿದೆಯೆಂದ ಮಾತ್ರಕ್ಕೆ ಎಲ್ಲರೂ ಅದನ್ನೇ ಕೈಗೆತ್ತಿಕೊಂಡರೆಂದು ತಿಳಿಯಬಾರದೆಂಬುದಕ್ಕೆ ಈ ನಾಲ್ಕೈದು ಸಾಲುಗಳೇ ಸಾಕು.

ಲ್ಯಾಟಿನ್ನಿನಿಂದ ಹುಟ್ಟಿದ ಸೋದರ ಭಾಷೆಗಳನ್ನು ಕೇಳಿ ನೋಡುವ ಅನುಕೂಲ ಗೋವಾದ ಕನ್ನಡಿಗರಿಗೆ ಹೆಚ್ಚು. 1961ಕ್ಕೆ ಮೊದಲು ಪೋರ್ಚುಗೀಸ್ ಶಾಲೆಯಲ್ಲಿ ಓದಿದ ನೆರೆಮನೆಯ ಹಿರಿಯರೊಬ್ಬರಿಂದ ಆ ಭಾಷೆಯ ‘ಅವ್‌ಷ್ತೇರು’ವನ್ನು ಹೇಳಿಸಿಕೊಂಡಾಗ, ಇಂಗ್ಲಿಷ್ ಕಳೆದುಕೊಂಡ ಲ್ಯಾಟಿನ್ನಿನ ‘ಅವ್’ ಸ್ವರ ಕಿವಿಗೇ ಬಿತ್ತು.

ಈಗ ಧಾತುವಿನ ಸರದಿ. ಗ್ರೀಕಿನ ‘ಔಸ್ತೆರೊಸ್’ ನಾಲಿಗೆಯನ್ನು ಒಣಗಿಸುವ ರುಚಿಯ ಹೆಸರು. ಕಾಯಿಗೂ ಮದ್ಯಕ್ಕೂ ಹೇಳುತ್ತಿದ್ದ ಮಾತು. ನಮ್ಮಲ್ಲಿ ಅದಕ್ಕೆ ‘ಒಗರು’ ಎಂಬ ತಕ್ಕ ಪದವಿದೆ. ಏಪ್ರಿಲ್‌ನಲ್ಲಿ ಇಲ್ಲಿನ ಗುಡ್ಡದಿಂದ ಗೇರುಹಣ್ಣೊಂದನ್ನು ಕಿತ್ತು ಕಚ್ಚಿದರೆ ಮೊದಲು ಸಿಹಿರಸ ತುಟಿಯ ಮೇಲೆ ಇಳಿಯುತ್ತದೆ, ಮರುಕ್ಷಣವೇ ನಾಲಿಗೆ ಸುಕ್ಕುಗಟ್ಟಿ ಗಂಟಲು ಹಿಡಿದುಕೊಳ್ಳುತ್ತದೆ. ಆ ಹಿಡಿತವೇ ಮನುಷ್ಯನ ಸ್ವಭಾವಕ್ಕೆ ರೂಪಕವಾಯಿತು.

ಎಡವುವುದು ಇಲ್ಲಿಯೇ. ಗ್ರೀಕಿನಲ್ಲಿ ರುಚಿ ಮೊದಲಾದ್ದರಿಂದ ಇಂಗ್ಲಿಷಿಗೂ ಅದೇ ಮೊದಲು ಬಂದಿರಬೇಕೆಂದು ನಾನೂ ಒಮ್ಮೆ ಟಿಪ್ಪಣಿ ಬರೆದಿಟ್ಟು, ಆಮೇಲೆ ಹೊಡೆದುಹಾಕಬೇಕಾಯಿತು. 14ನೆಯ ಶತಮಾನದಲ್ಲಿ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು ಕಠೋರ ಸ್ವಭಾವವೆಂಬ ಅರ್ಥವೇ. ರುಚಿಯ ಅರ್ಥ ಅಲ್ಲಿ ಕಾಣಿಸಿಕೊಂಡದ್ದು 16ನೆಯ ಶತಮಾನದಲ್ಲಿ, ಅದೂ ಅಪರೂಪವಾಗಿ. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಅರ್ಥ ಹುಟ್ಟಿದ ಕ್ರಮಕ್ಕೆ ಒಂದು ಕಲಮನ್ನೂ ಇಂಗ್ಲಿಷಿಗೆ ಬಂದ ಕ್ರಮಕ್ಕೆ ಇನ್ನೊಂದು ಕಲಮನ್ನೂ ಬೇರೆಬೇರೆಯಾಗಿ ಎಳೆದುಕೊಳ್ಳಿ. ‘ಒಗರು’ ಒಂದರಲ್ಲಿ ತಲೆಯ ಮೇಲೆಯೂ ಮತ್ತೊಂದರಲ್ಲಿ ಕೆಳಗಿನ ಸಾಲಿನಲ್ಲಿಯೂ ಬರುತ್ತದೆ.