ಹೆಬ್ಬಾರರ ರೆಟ್ರೋಸ್ಪೆಕ್ಟಿವ್ ನೋಡೋಕೆ ಹೋದ್ರೆ ಗೆರೆಯಿಂದ ಶುರು ಮಾಡಿ

ಚಿತ್ರಕಲಾವಿದ ಕೆ.ಕೆ. ಹೆಬ್ಬಾರರಂಥವರ ರೆಟ್ರೋಸ್ಪೆಕ್ಟಿವ್ ಪ್ರದರ್ಶನ ಅಂದ್ರೆ ಒಂದಿಡೀ ಜೀವಮಾನದ ಕೆಲ್ಸ ಒಂದೇ ಕಡೆ ಇರತ್ತೆ, ನಾವೇನ್ ಮಾಡ್ತೀವಿ ಅಂದ್ರೆ ಮೊದಲ್ನೇ ರೂಮಲ್ಲಿ ಗೋಡೆ ಮೇಲಿರೋ ಬರಹ ಪೂರ್ತಿ ಓದಿ, ಮೊದಲ ಹತ್ತು ಚಿತ್ರಕ್ಕೇ ಮುಕ್ಕಾಲು ಗಂಟೆ ಕೊಟ್ಟು, ಕೊನೇ ರೂಮಿಗೆ ಬರೋಷ್ಟ್ರಲ್ಲಿ ಕಾಲು ನೋವು ಹಸಿವು ಎರಡೂ ಬಂದಿರತ್ತೆ. ಅದಕ್ಕೇ ಮೊದಲು ಏನೂ ಓದ್ದೇ ಸುಮ್ನೆ ಒಂದು ರೌಂಡ್ ಹೊಡೀರಿ, ಹದಿನೈದು ನಿಮಿಷ ಸಾಕು.

ಎರಡನೇ ರೌಂಡಲ್ಲಿ ಲೇಬಲ್ಲಿನ ಕೊನೇ ಸಾಲು ನೋಡಿ, ಚಿತ್ರ ಯಾರ ಸಂಗ್ರಹದ್ದು ಅಂತ ಇರತ್ತಲ್ಲ ಅದು. ಸರ್ಕಾರಿ ಗ್ಯಾಲರಿದಾದ್ರೆ ಇನ್ನೊಂದ್ಸಲ ಸಿಗಬಹುದು, ಖಾಸಗಿಯವರದ್ದಾದ್ರೆ ಮತ್ತೆ ಯಾರದೋ ಮನೆ ಹಾಲಿಗೆ ವಾಪಸ್, ಹಾಗಾಗಿ ಟೈಮ್ ಕಮ್ಮಿ ಇದ್ರೆ ಅವನ್ನೇ ಮೊದಲು ನೋಡಿ.

ಆಮೇಲೆ ರೇಖಾಚಿತ್ರಗಳ ಹತ್ರ ಹೋಗಿ. ಹೆಬ್ಬಾರರು 1911ರಲ್ಲಿ ಉಡುಪಿ ಹತ್ರದ ಕಟ್ಟಿಂಗೇರಿಲಿ ಹುಟ್ಟಿದವರು, ಮುಂಬೈನ ಜೆ.ಜೆ. ಕಲಾಶಾಲೇಲಿ ಕಲಿತು ಪ್ಯಾರಿಸ್ಸಿಗೂ ಹೋಗಿಬಂದ್ರು, ಲಯ ಅಂದ್ರೇನು ಅಂತ ತಿಳಿಯೋಕೆ ಕಥಕ್ ಕೂಡ ಕಲಿತ್ರು! ಅದು ಆ ಗೆರೆಗಳಲ್ಲಿ ಕಾಣತ್ತೆ. ನರ್ತಕಿಯ ಒಂದು ಗೆರೆ ಹಿಡಿದು ಬೆರಳನ್ನ ಗಾಳೀಲಿ ಅದರ ಜೊತೆ ಓಡಿಸಿ (ಮುಟ್ಬೇಡಿ ಮತ್ತೆ, ಗಾರ್ಡ್ ಓಡಿ ಬರ್ತಾರೆ), ಎಲ್ಲಿ ನಿಧಾನ ಆಯ್ತು, ಎಲ್ಲಿ ಜಾರ್ತು ಅಂತ ಗೊತ್ತಾಗತ್ತೆ. ಉಡುಪಿ ಕಡೆಯವರು ಯಾರಾದ್ರೂ ಜೊತೆಗಿದ್ರೆ ಇನ್ನೂ ಒಳ್ಳೇದು. ನಮ್ಮಮ್ಮ ಪೇಂಟಿಂಗೆಲ್ಲ ಸರಸರ ದಾಟಿ ಯಕ್ಷಗಾನದ ಸ್ಕೆಚ್ ಮುಂದೆ ನಿಂತು "ಕುಣೀತಾ ಉಂಟಲ್ಲ ಮಾರಾಯ ಇದು" ಅಂದ್ರು. ನಾನು ಓದ್ಕೊಂಡು ಹೋಗಿದ್ದೆಲ್ಲ ಅಲ್ಲಿಗೆ ವೇಸ್ಟು.

ಗೆರೆ ಕಣ್ಣಲ್ಲಿ ಕೂತ್ಮೇಲೆ ಕೇರಳದ ಮಲಬಾರ್ ಕಡೆ ಬದುಕಿನ ಅವರ ಹಳೇ ಚಿತ್ರಗಳಿಗೆ ವಾಪಸ್ ಬನ್ನಿ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಪ್ರಭಾವ ಅಂತ ಎಲ್ಲರೂ ಹೇಳೋದು ಇವಕ್ಕೇ, ಆದ್ರೆ ಈಗ ನಿಮಗೆ ಬಣ್ಣದ ಅಡಿಯಿಂದ ಅದೇ ಗೆರೆ ಇಣುಕೋದು ಕಾಣತ್ತೆ. ಎಣ್ಣೆಬಣ್ಣದ ಮೇಲೆ ಲೈಟ್ ಹೊಳೆದು ಏನೂ ಕಾಣ್ದೇ ಇದ್ರೆ ಎರಡು ಹೆಜ್ಜೆ ಪಕ್ಕಕ್ಕೆ ಸರೀರಿ, ಅಷ್ಟೇ.

ಸದ್ಯ ಎಲ್ಲೂ ಪ್ರದರ್ಶನ ಇಲ್ವಾ? ಬೆಂಗಳೂರು ಕಸ್ತೂರ್ಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರೀಲಿ ಅವರು ಕೊಟ್ಟ ಚಿತ್ರಗಳಿವೆ, ತೆರೆದಿದ್ಯಾ ಅಂತ ಕೇಳ್ಕೊಂಡೇ ಹೊರಡಿ.