ಕಂಪ್ಯೂಟರ್ ಅಂಗಡಿಗೆ ಹೊಸ ವ್ಯಾಪಾರ: ಹಳೇ ಬಿಲ್ ಬುಕ್‌ನಿಂದ ಶುರು ಮಾಡಿ

ಗಿರಾಕಿ ಬಂದು ಲ್ಯಾಪ್‌ಟಾಪ್ ಎತ್ತಿ ನೋಡುತ್ತಾರೆ, ಕೀಬೋರ್ಡ್ ಒತ್ತಿ ನೋಡುತ್ತಾರೆ, ಆಮೇಲೆ ಜೇಬಿನಿಂದ ಫೋನ್ ತೆಗೆದು ಆನ್‌ಲೈನ್ ರೇಟು ತೋರಿಸುತ್ತಾರೆ. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಾಗಲಿ, ಮಂಡ್ಯದ ವಿ.ವಿ. ರಸ್ತೆಯಲ್ಲಾಗಲಿ ಕಂಪ್ಯೂಟರ್ ಅಂಗಡಿ ಇಟ್ಟವರಿಗೆ ಇದು ದಿನಾ ಇದ್ದದ್ದೇ. 2023ರ ಮಾರ್ಚ್‌ನಲ್ಲಿ ಬೆಂಗಳೂರು ಹೆದ್ದಾರಿ ಉದ್ಘಾಟನೆಯಾದ ಮೇಲೆ ಅಲ್ಲಿನ ಎಸ್.ಪಿ. ರಸ್ತೆಯ ಹೋಲ್‌ಸೇಲ್ ಕಂಪ್ಯೂಟರ್ ಅಂಗಡಿಗಳೂ ಹತ್ತಿರವಾದವು. ರೇಟಿನಲ್ಲಿ ಅವರ ಜೊತೆ ಗುದ್ದಾಡಿ ಗೆಲ್ಲುವುದು ಆಗದ ಮಾತು.

ಆದರೆ ಯಾವ ಆಫೀಸಿನಲ್ಲಿ ಯಾವ ವರ್ಷದ ಮಿಷನ್ ಇದೆ, ಯಾವ ಛತ್ರದ ಡಿವಿಆರ್ (ಕ್ಯಾಮೆರಾ ರೆಕಾರ್ಡರ್) ಎಷ್ಟು ಹಳೆಯದು ಎಂಬ ಲೆಕ್ಕ ಆನ್‌ಲೈನ್‌ನವರಿಗೆ ಗೊತ್ತಿಲ್ಲ. ನಿಮಗೆ ಗೊತ್ತು. ಹೊಸ ಟ್ರೆಂಡ್ ಯಾವುದು ಎಂದು ಯೂಟ್ಯೂಬ್‌ನಲ್ಲಿ ಹುಡುಕುವ ಮೊದಲು ಈ ಲೆಕ್ಕವನ್ನು ಬಳಸಿಕೊಳ್ಳುವುದು ಹೇಗೆ ಎಂದು ನೋಡೋಣ.

1. ಬಿಲ್‌ಗಳನ್ನು ಒಂದು ಶೀಟಿಗೆ ಇಳಿಸಿ

ಕಳೆದ ಏಳೆಂಟು ವರ್ಷಗಳ ಬಿಲ್ ತೆಗೆಯಿರಿ. ಹೆಸರು, ಏರಿಯಾ, ಫೋನ್ ನಂಬರ್, ಮಾಡೆಲ್, ಕೊಟ್ಟ ತಾರೀಖು, ವಾರಂಟಿ ಮುಗಿಯುವ ತಾರೀಖು, ಇಷ್ಟು ಕಾಲಂ ಸಾಕು. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಬಿಲ್ ಹಾಕಿದ್ದರೆ ಎಕ್ಸೆಲ್‌ಗೆ ಎಕ್ಸ್‌ಪೋರ್ಟ್ ಮಾಡಿ. ಕೈಬರಹದ ಬಿಲ್ಲಾದರೆ ಅಂಗಡಿ ಖಾಲಿ ಇರುವ ಮಧ್ಯಾಹ್ನ ಒಬ್ಬರು ಕೂತು ಟೈಪ್ ಮಾಡಲಿ. ಬೇಜಾರಿನ ಕೆಲಸ ನಿಜ, ಆದರೆ ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಹಾಗಂತ ಎಲ್ಲ ನಂಬರ್‌ಗಳನ್ನೂ ಒಂದು ವಾಟ್ಸ್ಯಾಪ್ ಗ್ರೂಪಿಗೆ ಹಾಕಿ ದಿನಾ ಆಫರ್ ಕಳಿಸುವುದು ಬೇಡ. ಜನ ಬ್ಲಾಕ್ ಮಾಡುತ್ತಾರೆ.

2. ವಿಂಡೋಸ್ 10 ಇರುವ ಮಿಷನ್‌ಗಳನ್ನು ಬೇರೆ ಮಾಡಿ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಸಪೋರ್ಟ್ ನಿಲ್ಲಿಸಿತು. ಆಫೀಸ್ 2016 ಮತ್ತು 2019ಕ್ಕೂ ಅದೇ ದಿನ ಕೊನೆ. ಕಂಪ್ಯೂಟರ್ ನಡೆಯುತ್ತಲೇ ಇರುತ್ತದೆ, ಆದರೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ. ನಿಮ್ಮ ಶೀಟಿನಲ್ಲಿರುವ ಸಾಕಷ್ಟು ಆಡಿಟರ್ ಆಫೀಸು, ಕ್ಲಿನಿಕ್, ಸೊಸೈಟಿಗಳಲ್ಲಿ ಇಂಥ ಮಿಷನ್‌ಗಳೇ ಇರುತ್ತವೆ. ಅವರಿಗೆ ಇದನ್ನು ಹೇಳುವವರು ಯಾರೂ ಇಲ್ಲ.

ಹೋಗಿ ನೋಡುವುದು ಹೀಗೆ. ಪ್ರೊಸೆಸರ್ ನಂಬರ್ ಓದಿ. ಇಂಟೆಲ್ ಐ5-7200 ಎಂದಿದ್ದರೆ ಗೆರೆಯ ಮುಂದಿನ ಅಂಕಿ 7, ಅಂದರೆ 7ನೇ ಜನರೇಶನ್. 8250 ಎಂದಿದ್ದರೆ 8ನೆಯದು. 10210 ಎಂದು ಐದು ಅಂಕಿ ಇದ್ದರೆ ಮೊದಲ ಎರಡು ಸೇರಿಸಿ ಓದಿ, ಅದು 10ನೆಯದು. ಒಟ್ಟಾರೆ 8ನೇ ಜನರೇಶನ್‌ನಿಂದ ಮೇಲಿನದಕ್ಕೆ ವಿಂಡೋಸ್ 11 ಹಾಕಬಹುದು. ಟಿಪಿಎಂ 2.0 ಎಂಬ ಸೆಕ್ಯುರಿಟಿ ವ್ಯವಸ್ಥೆ ಕೂಡ ಬೇಕು. ಅಸೆಂಬಲ್ಡ್ ಮಿಷನ್‌ಗಳಲ್ಲಿ ಇದು ಇದ್ದರೂ ಬಯಾಸ್‌ನಲ್ಲಿ (ಮಿಷನ್ ಆನ್ ಆಗುವಾಗ ತೆರೆಯುವ ಸೆಟಿಂಗ್) ಆಫ್ ಆಗಿರುವುದುಂಟು. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ. ಆನ್ ಮಾಡಿದರೆ ಹೊಸ ಮಿಷನ್ ಖರ್ಚೇ ಉಳಿಯುತ್ತದೆ. ಇದನ್ನು ಗಿರಾಕಿಗೆ ಮುಚ್ಚಿಟ್ಟು ಹೊಸದು ಮಾರಿದರೆ ಮುಂದೊಂದು ದಿನ ಗೊತ್ತಾಗಿಯೇ ಆಗುತ್ತದೆ. ಊರು ಚಿಕ್ಕದು.

ಹಾಕಲು ಆಗದಿದ್ದರೆ ಮೂರು ದಾರಿ ಇದೆ. ಒಂದು, ಹೊಸ ಅಥವಾ ರೀಫರ್ಬಿಶ್ಡ್ ಮಿಷನ್. ಎರಡು, ಮೈಕ್ರೋಸಾಫ್ಟ್‌ನಿಂದ ಹೆಚ್ಚುವರಿ ಅಪ್‌ಡೇಟ್ ತೆಗೆದುಕೊಳ್ಳುವುದು. ಮನೆ ಬಳಕೆಗೆ ಅದು 2026ರ ಅಕ್ಟೋಬರ್‌ವರೆಗೆ ಮಾತ್ರ. ಕಂಪನಿಗಳಿಗೆ 3 ವರ್ಷ ಸಿಗುತ್ತದೆ, ಆದರೆ ದರ ವರ್ಷವರ್ಷ ದುಪ್ಪಟ್ಟಾಗುತ್ತದೆ. ಮೂರು, ಬರೀ ಬ್ರೌಸರ್ ಸಾಕು ಎನ್ನುವವರಿಗೆ ವಿಂಡೋಸ್ ಬದಲು ಲಿನಕ್ಸ್ ಆಪರೇಟಿಂಗ್ ಸಿಸ್ಟಂ. ಟ್ಯಾಲಿ ಬಳಸುವ ಕಡೆ ಲಿನಕ್ಸ್ ವಿಷಯ ಎತ್ತಲೇಬೇಡಿ.

ಬದಲಾಯಿಸಿ ಕೊಡುವಾಗ ಫೈಲ್ ಕಾಪಿ ಮಾಡಿದರೆ ಕೆಲಸ ಮುಗಿಯಲಿಲ್ಲ. ನಮ್ಮ ಕಡೆಯ ಆಫೀಸುಗಳಲ್ಲಿ ಮೊದಲು ಕೇಳುವುದು "ನುಡಿ ಬರುತ್ತಾ?" ಎಂದೇ. ಕನ್ನಡ ಟೈಪಿಂಗ್‌ಗೆ ಬಳಸುವ ನುಡಿ ಫಾಂಟ್‌ನಲ್ಲಿ ಮಾಡಿದ ಹಳೇ ಲೆಟರ್ ಒಂದನ್ನು ಹೊಸ ಮಿಷನ್‌ನಲ್ಲಿ ತೆರೆದು, ಎರಡು ಸಾಲು ಟೈಪ್ ಮಾಡಿ, ಅವರ ಹಳೇ ಪ್ರಿಂಟರ್‌ನಲ್ಲೇ ಪ್ರಿಂಟ್ ತೆಗೆದು ಕೈಗೆ ಕೊಡಿ. ಹಳೇ ಪ್ರಿಂಟರ್, ಸ್ಕ್ಯಾನರ್‌ಗಳಿಗೆ ವಿಂಡೋಸ್ 11ರ ಡ್ರೈವರ್ ಸಿಗದೆ ಒದ್ದಾಡುವುದೂ ಇದೆ. ಹೋಗುವ ಮೊದಲೇ ಮಾಡೆಲ್ ನಂಬರ್ ಕೇಳಿ ನೋಡಿಟ್ಟುಕೊಳ್ಳಿ. ಈ ಕೆಲಸಕ್ಕೆ ಬೇರೆ ಚಾರ್ಜ್ ಹಾಕಿ, ಬಿಲ್‌ನಲ್ಲಿ ಬೇರೆ ಸಾಲಿನಲ್ಲೇ ಬರೆಯಿರಿ. ಆನ್‌ಲೈನ್‌ನಲ್ಲಿ ಲ್ಯಾಪ್‌ಟಾಪ್ ತಗೊಂಡವರೂ ಇದಕ್ಕೆ ನಿಮ್ಮ ಹತ್ತಿರ ಬರುತ್ತಾರೆ.

3. ಕ್ಯಾಮೆರಾ ಇಟ್ಟ ಜಾಗಗಳಿಗೆ ಇನ್ನೊಂದು ಸಲ ಹೋಗಿ

ಸಿಸಿಟಿವಿ ಹಾಕುವವರು ಈಗ ಗಲ್ಲಿಗೊಬ್ಬರಿದ್ದಾರೆ. ಆದರೂ ಇಲ್ಲಿ ಕೆಲಸ ಮಿಕ್ಕಿದೆ, ಯಾಕೆಂದರೆ ಎರಡು ನಿಯಮಗಳು ಜನರಿಗೆ ಸರಿಯಾಗಿ ತಲುಪಿಲ್ಲ.

ಒಂದು, ರೆಕಾರ್ಡಿಂಗ್ ಎಷ್ಟು ದಿನ ಇರಬೇಕು ಎಂಬುದು. ಜಾಸ್ತಿ ಜನ ಸೇರುವ ಜಾಗಗಳಲ್ಲಿ 30 ದಿನದ ರೆಕಾರ್ಡಿಂಗ್ ಇರಬೇಕು ಎನ್ನುತ್ತದೆ ರಾಜ್ಯದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ. ಸಿಬಿಎಸ್‌ಇ 2025ರ ಜುಲೈನಲ್ಲಿ ತನ್ನ ಶಾಲೆಗಳಿಗೆ ಧ್ವನಿಯೂ ದಾಖಲಾಗುವ ಕ್ಯಾಮೆರಾ ಹಾಕಿ, 15 ದಿನದ ರೆಕಾರ್ಡಿಂಗ್ ಇಡಿ ಎಂದಿತು. ಈಗ ಒಂದು ಛತ್ರದ ಲೆಕ್ಕ ಹಾಕೋಣ. 2 ಮೆಗಾಪಿಕ್ಸೆಲ್ ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆಯುತ್ತದೆ ಎಂದಿಟ್ಟುಕೊಳ್ಳಿ. 8ರಿಂದ ಭಾಗಿಸಿದರೆ ಕಾಲು ಮೆಗಾಬೈಟ್. ದಿನದ 86,400 ಸೆಕೆಂಡಿಗೆ ಸುಮಾರು 21.6 ಜಿಬಿ. ನಾಲ್ಕು ಕ್ಯಾಮೆರಾಗೆ ದಿನಕ್ಕೆ 86 ಜಿಬಿ ದಾಟುತ್ತದೆ. ಅಂದರೆ 1 ಟಿಬಿ ಹಾರ್ಡ್ ಡಿಸ್ಕ್ 11 ದಿನಕ್ಕೇ ತುಂಬಿ, ಹಳೆಯದು ಅಳಿಸಿಹೋಗುತ್ತದೆ. 30 ದಿನ ಬೇಕಾದರೆ 3 ಟಿಬಿಯಾದರೂ ಇರಬೇಕು. ನೀವೇ ಹಾಕಿಕೊಟ್ಟ ಜಾಗದಲ್ಲಿ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿ. ಮೊಬೈಲ್ ಕಳೆದ ಮೇಲೆ ಪೊಲೀಸರು ಫುಟೇಜ್ ಕೇಳಿದಾಗ ಡಿಸ್ಕ್ ಖಾಲಿ ಇದ್ದರೆ ಬೈಗುಳ ಬೀಳುವುದು ಛತ್ರದ ಮ್ಯಾನೇಜರ್‌ಗೆ, ಆಮೇಲೆ ನಿಮಗೆ.

ಎರಡನೆಯದು ಕ್ಯಾಮೆರಾದ್ದೇ. 2025ರ ಏಪ್ರಿಲ್ 9ರಿಂದ ಸಿಸಿಟಿವಿ ಕ್ಯಾಮೆರಾಗಳು ಕೇಂದ್ರ ಸರ್ಕಾರದ ಸೆಕ್ಯುರಿಟಿ ಪರೀಕ್ಷೆ ಪಾಸಾಗಿರಬೇಕು. ಹಳೇ ಸ್ಟಾಕ್ ಖಾಲಿ ಮಾಡಲು ಯಾರಾದರೂ ಡಿಸ್ಟ್ರಿಬ್ಯೂಟರ್ ರೇಟು ಇಳಿಸಿ ಕೊಡಲು ಬಂದರೆ, ಬೇಕಾದ ಮಾಡೆಲ್ ನಂಬರ್‌ಗೇ ಎಸ್‌ಟಿಕ್ಯೂಸಿ (ಆ ಪರೀಕ್ಷೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ಸರ್ಟಿಫಿಕೇಟ್ ಇದೆಯಾ ಎಂದು ಕೇಳಿ. ಕಂಪನಿ ಹೆಸರಿಗೆ ಇದೆ ಎಂದರೆ ಸಾಲದು.

4. ಒಂದೇ ಹೊಸ ಕೆಲಸ ಆರಿಸಿಕೊಳ್ಳಿ

ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದವರು ಯಾವುದನ್ನೂ ಮುಗಿಸುವುದಿಲ್ಲ. ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ: ಗಿರಾಕಿಗೆ ಇದು ಬೇಕೇ ಬೇಕಾ? ವರ್ಷವರ್ಷ ದುಡ್ಡು ಬರುತ್ತದಾ? ಕೆಟ್ಟರೆ ಬೈಕಿನಲ್ಲಿ ಒಂದು ಗಂಟೆಯೊಳಗೆ ಹೋಗಬಹುದಾ?

ಬಿಲ್ಲಿಂಗ್ ಈ ಮೂರಕ್ಕೂ ಹೌದು ಎನ್ನುತ್ತದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ, ಎಷ್ಟೋ ಬೇಕರಿಗಳಲ್ಲಿ ಕ್ಯೂಆರ್ ಸ್ಟಿಕ್ಕರ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬೋರ್ಡ್ ಹಾಕಿದ್ದು ನೆನಪಿದೆ ಅಲ್ವಾ? ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಅಂಗಡಿಯವರಿಗೆ ಬೇಕಿರುವುದು ತೆರಿಗೆ ಇರುವ ಮಾಲು, ಇಲ್ಲದ ಮಾಲು ಬೇರೆ ಬೇರೆ ತೋರಿಸುವ ಬಿಲ್ಲು. ಥರ್ಮಲ್ ಪ್ರಿಂಟರ್, ಸ್ಕ್ಯಾನರ್, ಸಾಫ್ಟ್‌ವೇರ್ ಜೊತೆಗೆ ಐಟಂಗಳನ್ನೆಲ್ಲ ನೀವೇ ಹತ್ತಿಸಿ ಕೊಡಿ. ತೆರಿಗೆಯ ಸಲಹೆ ಮಾತ್ರ ಆಡಿಟರ್‌ಗೆ ಬಿಡಿ.

ಹಳ್ಳಿ ಕಡೆ ಗಿರಾಕಿ ಇದ್ದವರಿಗೆ ಸೋಲಾರ್‌ನಲ್ಲಿ ನಡೆಯುವ 4ಜಿ ಕ್ಯಾಮೆರಾ ಒಳ್ಳೇ ವ್ಯಾಪಾರ. ಮಂಡ್ಯ, ತಿ. ನರಸೀಪುರದ ಕಬ್ಬಿನ ಗದ್ದೆಗಳಲ್ಲಿ ಚಿರತೆ ಭಯ ಇದೆ, ಪಂಪ್‌ಸೆಟ್ ಕೇಬಲ್ ಕದಿಯುವವರ ಕಾಟವೂ ಇದೆ. ಮಾರುವ ಮೊದಲು ಎರಡು ಕಂಪನಿಯ ಸಿಮ್ ತೆಗೆದುಕೊಂಡು ಹೋಗಿ ಪಂಪ್ ಮನೆ ಹತ್ತಿರವೇ ಸಿಗ್ನಲ್ ನೋಡಿ. ಕಬ್ಬು ಎತ್ತರಕ್ಕೆ ಬೆಳೆದಾಗ ಪ್ಯಾನೆಲ್‌ಗೆ ನೆರಳು ಬೀಳುತ್ತದಾ ಎಂದೂ ರೈತರನ್ನೇ ಕೇಳಿ, ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಮೈಸೂರಿನ ಗೋಕುಲಂನಲ್ಲಾದರೆ ಬೇರೆ ಕಥೆ. ಯೋಗ ಕಲಿಯಲು ಬಂದ ವಿದೇಶಿಯರಿಗೆ ತಿಂಗಳ ಬಾಡಿಗೆಗೆ ಮನೆ ಕೊಡುವವರು ಅಲ್ಲಿ ತುಂಬಾ ಜನ. ವೈಫೈ ಎಲ್ಲ ರೂಮಿಗೂ ಮುಟ್ಟಬೇಕು, ಕರೆಂಟ್ ಹೋದರೂ ನಿಲ್ಲಬಾರದು. ರೌಟರ್‌ಗೆ ಒಂದು ಮಿನಿ ಯುಪಿಎಸ್, ಮೇಲಿನ ಮಹಡಿಗೆ ವೈಫೈ ಮುಟ್ಟಿಸುವ ಒಂದು ಆಕ್ಸೆಸ್ ಪಾಯಿಂಟ್, ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಮನೆ ಮೇಲಿನ ಸೋಲಾರ್ ಬಗ್ಗೆ ನನಗೆ ಅಷ್ಟು ಉತ್ಸಾಹ ಇಲ್ಲ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ನಿಜ. ಆದರೆ ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರುವ ಮನೆಯವರಿಗೆ ಏನು ಹೇಳಿ ಮಾರುತ್ತೀರಿ? 200 ಯೂನಿಟ್ ದಾಟುವ ದೊಡ್ಡ ಮನೆಗಳು ನಿಮ್ಮ ಶೀಟಿನಲ್ಲಿ ಇದ್ದರೆ ಮಾತ್ರ ಯೋಚಿಸಿ. ಎಐ ಕೆಲಸಕ್ಕೆಂದೇ ಬೇರೆ ಚಿಪ್ ಇರುವ ಎಐ ಪಿಸಿಯೂ ಹಾಗೇ. ವಿಡಿಯೋ ಎಡಿಟಿಂಗ್ ಸ್ಟುಡಿಯೋದವರು ಕೇಳಿದರೆ ತರಿಸಿಕೊಡಿ, ಸುಮ್ನೆ ಸ್ಟಾಕ್ ಇಡಬೇಡಿ.

5. ಎಎಂಸಿ (ವರ್ಷದ ನಿರ್ವಹಣಾ ಒಪ್ಪಂದ) ದರವನ್ನು ಲೆಕ್ಕ ಹಾಕಿ ಹೇಳಿ

ಪಕ್ಕದ ಅಂಗಡಿಯವರ ದರ ನೋಡಿ ನೂರು ರೂಪಾಯಿ ಕಡಿಮೆ ಹೇಳುವುದು ನಮ್ಮಲ್ಲಿ ರೂಢಿ. ಅದರ ಬದಲು ಹೀಗೆ ಲೆಕ್ಕ ಹಾಕಿ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಆಫೀಸಿನಲ್ಲಿ 10 ಕಂಪ್ಯೂಟರ್ ಇವೆ, ಒಂದಕ್ಕೆ ವರ್ಷಕ್ಕೆ 1,500 ರೂಪಾಯಿ ಎಂದುಕೊಳ್ಳೋಣ. 15,000 ಬಂತು, ಜಿಎಸ್‌ಟಿ ಬೇರೆ. ತಿಂಗಳಿಗೊಂದು ಸಲ 12 ಭೇಟಿ, ತುರ್ತು ಕರೆಗೆ 6, ಒಟ್ಟು 18. ತಿಂಗಳಿಗೆ 18,000 ಸಂಬಳದ ಹುಡುಗನ ಮೂರು ಗಂಟೆಗೆ ಸುಮಾರು 260, ಪೆಟ್ರೋಲ್ 60. ಒಂದು ಭೇಟಿಗೆ 320ರಂತೆ ಖರ್ಚು 5,760. ಉಳಿದದ್ದು 9,240. 45,000ದ ಲ್ಯಾಪ್‌ಟಾಪ್‌ನಲ್ಲಿ ನೂರಕ್ಕೆ ನಾಲ್ಕು ರೂಪಾಯಿ ಸಿಕ್ಕರೆ 1,800. ಐದು ಲ್ಯಾಪ್‌ಟಾಪ್ ಮಾರಿದರೂ ಇಷ್ಟು ಉಳಿಯುವುದಿಲ್ಲ.

ಒಪ್ಪಂದದಲ್ಲಿ ಏನು ಸೇರಿಲ್ಲ ಎಂಬುದನ್ನು ಕನ್ನಡದಲ್ಲೇ ಬರೆಯಿರಿ: ಹೊಸ ಪಾರ್ಟ್ಸ್, ಟೋನರ್, ಸಿಡಿಲಿಗೆ ಸುಟ್ಟದ್ದು, ಕ್ರ್ಯಾಕ್ ಸಾಫ್ಟ್‌ವೇರ್. ಕೊನೆಯದರ ಬಗ್ಗೆ ರಾಜಿ ಬೇಡ. ಕ್ರ್ಯಾಕ್ ವಿಂಡೋಸ್ ಹಾಕಿದ ಮಿಷನ್‌ಗೆ ವೈರಸ್ ಬಂದು ಡೇಟಾ ಹೋದರೆ ನಿಮ್ಮ ಮೇಲೆಯೇ ಬರುತ್ತದೆ. ಬ್ಯಾಕಪ್ ಎಲ್ಲಿಗೆ ಆಗುತ್ತಿದೆ ಎಂದು ಪ್ರತಿ ಭೇಟಿಯಲ್ಲೂ ಒಂದು ಫೈಲ್ ವಾಪಸ್ ತೆಗೆದು ತೋರಿಸಿ, ಸಹಿ ಹಾಕಿಸಿಕೊಳ್ಳಿ.

6. ಕೊಟೇಶನ್, ಬಾಕಿ, ಕಾಗದಪತ್ರ

2025ರ ಕೊನೆಯಿಂದ ರ್‍ಯಾಮ್ ಬೆಲೆ ಏರಿದ್ದನ್ನು ನೀವೇ ನೋಡಿದ್ದೀರಿ. ಚಿಪ್‌ಗಳು ಎಐ ಡೇಟಾ ಸೆಂಟರ್‌ಗಳ ಕಡೆ ಹೋಗುತ್ತಿವೆ. ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿ ತನ್ನ ಕ್ರೂಶಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರವನ್ನೇ ಬಿಡುತ್ತೇನೆ ಎಂದಿತು. ಹಾಗಾಗಿ ಕೊಟೇಶನ್ ಮೇಲೆ "3 ದಿನ ಮಾತ್ರ" ಎಂದು ಬರೆಯಿರಿ, ಅಡ್ವಾನ್ಸ್ ಬಂದ ಮೇಲೆ ಮಾಲು ತರಿಸಿ. ಶಾಲೆ, ಸೊಸೈಟಿಯವರಿಗೆ ಇದು ಕಷ್ಟ, ಆದರೂ ಹೇಳಲೇಬೇಕು.

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಉಚಿತ, ಇಲ್ಲದಿದ್ದರೆ ಮಾಡಿಸಿ. ಸಣ್ಣ ಉದ್ಯಮಗಳ ಬಿಲ್ಲನ್ನು ಕೊಳ್ಳುವವರು 45 ದಿನದೊಳಗೆ ಕೊಡಬೇಕು ಎಂಬ ಕಾನೂನಿದೆ. ಆದರೆ ಬರೀ ಕೊಂಡು ಮಾರುವ ವ್ಯಾಪಾರಿಗೆ ಉದ್ಯಮ್‌ನಿಂದ ಸಿಗುವುದು ಬ್ಯಾಂಕ್ ಸಾಲದ ಆದ್ಯತೆ ಮಾತ್ರ, ಈ 45 ದಿನದ ರಕ್ಷಣೆ ಇಲ್ಲ. ಸೇವೆ ಕೊಡುವವರಿಗೆ ಇದೆ. ಎಎಂಸಿ ಮತ್ತು ಇನ್‌ಸ್ಟಾಲೇಶನ್ ಬಿಲ್ಲನ್ನು ಬೇರೆ ಮಾಡಿ ಎನ್ನಲು ಇದೂ ಒಂದು ಕಾರಣ. ಆಡಿಟರ್ ಹತ್ತಿರ ಕೂತು ಸರಿಯಾಗಿ ಕೇಳಿಕೊಳ್ಳಿ. ಸರ್ಕಾರಿ ಆಫೀಸುಗಳಿಗೆ ಮಾರುವ ಆಸೆ ಇದ್ದರೆ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲಿ ಸೇರಬಹುದು. ಅಲ್ಲಿ ಬ್ರ್ಯಾಂಡೆಡ್ ಮಾಲಿಗೆ ಕಂಪನಿಯ ಒಪ್ಪಿಗೆ ಕೇಳುವುದುಂಟು, ಹಣ ಕೈಗೆ ಬರಲು ತಡವಾಗಬಹುದು. ಅಷ್ಟು ದಿನ ತಡೆದುಕೊಳ್ಳುವ ಬಂಡವಾಳ ಇದ್ದರಷ್ಟೇ ಕೈ ಹಾಕಿ.

ಹೊಸದು ಕೊಟ್ಟಾಗ ವಾಪಸ್ ಬಂದ ಹಳೇ ಮಿಷನ್‌ಗಳು ಅಂಗಡಿ ಹಿಂದೆ ರಾಶಿ ಬೀಳುತ್ತವೆ. ಅವುಗಳ ಡಿಸ್ಕನ್ನು ಬರೀ ಫಾರ್ಮ್ಯಾಟ್ ಮಾಡಿ ಮಾರಬೇಡಿ, ಕ್ವಿಕ್ ಫಾರ್ಮ್ಯಾಟ್ ಮಾಡಿದ ಡಿಸ್ಕ್‌ನಿಂದ ಫೈಲ್ ವಾಪಸ್ ತೆಗೆಯುವುದು ಕಷ್ಟವಲ್ಲ. ಪೂರ್ತಿ ಅಳಿಸುವ ಟೂಲ್ ಬಳಸಿ, ಸೀರಿಯಲ್ ನಂಬರ್ ಮತ್ತು ತಾರೀಖು ಬರೆದ ಒಂದು ಚೀಟಿಯನ್ನು ಗಿರಾಕಿಗೆ ಕೊಡಿ. ಕ್ಲಿನಿಕ್, ಆಡಿಟರ್‌ಗಳು ಇದಕ್ಕೂ ದುಡ್ಡು ಕೊಡುತ್ತಾರೆ. ರಿಪೇರಿಗೆ ಬಾರದ ಬೋರ್ಡುಗಳನ್ನು ಗುಜರಿಗೆ ಹಾಕುವ ಹಾಗಿಲ್ಲ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ನೋಂದಾಯಿತ ರೀಸೈಕ್ಲರ್‌ಗೇ ಕೊಡಬೇಕು. ಕೊಟ್ಟಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ.